ಗೌಡರ ಮನೆಯ ಶ್ಯಾವಿಗೆ ಒರಳು

ನಮ್ಮ ಮಗನ ರಜೆ ಮುಗಿಯಲು ಒಂದೇ ರಾತ್ರಿ ಉಳಿದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ರಾತ್ರಿಯ ವಿಮಾನಕ್ಕೆ ದುಬೈ. ಮೂವತ್ತು ದಿನಗಳಲ್ಲಿ ಅವನಿಗೆ ಏನೇನು ಉಣಿಸಬೇಕೆಂದು ಅಂದುಕೊಂಡಿದ್ದೆವೋ ಅದರಲ್ಲಿ ಅರ್ಧವೂ ಆಗಿರಲಿಲ್ಲ. ಜನವರಿಯಲ್ಲಿ ರಜೆ ಹಾಕಿ ಊರಿಗೆ ಬರುವ ಕಾಫಿ ಬೆಳೆಗಾರನ ಮಗನಿಗೆ ಊಟಕ್ಕಿಂತ ಮೊದಲು ಸಿಗುವುದು ಕೆಲಸ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು, ರೊಬಸ್ಟಾ ಕೆಂಪಾಗುತ್ತಿತ್ತು, ಕಣದ ತುಂಬ ಹಣ್ಣು ಹರಡಿತ್ತು. ಆ ದಿನ ಮಧ್ಯಾಹ್ನದ ಮೇಲೆ ಬಲ್ಲಾಳರಾಯನದುರ್ಗದ ಕಡೆಯಿಂದ ಮೋಡ ಏರಿ ಬಂತು. ಮನೆಮಂದಿಯೆಲ್ಲ ಕಣಕ್ಕೆ ಓಡಿ, ಗುಡ್ಡೆ ಮಾಡಿ, ಟಾರ್ಪಾಲು ಎಳೆದು, ಕಲ್ಲು ಹೇರಿ ಮುಗಿಸುವಾಗ ಗಂಟೆ ಆರು. ಬಿದ್ದದ್ದು ನಾಲ್ಕೇ ಹನಿ. ಈಚಿನ ವರ್ಷಗಳಲ್ಲಿ ಮೋಡಗಳು ಹೀಗೆ ಹೆದರಿಸಿಯೇ ನಮ್ಮ ಸೊಂಟ ಮುರಿಯುತ್ತಿವೆ.

ಮಗ್ರಿಬ್ ನಮಾಝ್ ಮುಗಿಸಿ ಬಂದ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಬಾತುಕೋಳಿ ಮಾಡುವಾ" ಎಂದ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿಯ ಅನ್ನಕ್ಕೆ ಬೆಳಗಿನ ಮೀನು ಸಾರು ಸಾಕೆಂದು ಲೆಕ್ಕ ಹಾಕಿ ಕುಳಿತಿದ್ದ ಹೊತ್ತು ಅದು. ಮಗನ ವಾದವೇ ಬೇರೆ. ದುಬೈಯಲ್ಲಿ ಅವನ ಕೆಲಸದ ಜಾಗಕ್ಕೆ ಹತ್ತಿರ ಚೀನಾದ ಮುಸ್ಲಿಮರು ನಡೆಸುವ ಒಂದು ಖಾನಾವಳಿ ಇದೆಯಂತೆ. ಬಾಗಿಲ ಮೇಲೆ ಹಲಾಲ್ ಎಂದು ಅರಬಿಯಲ್ಲೂ ಚೀನೀಯಲ್ಲೂ ಬರೆದಿರುತ್ತದೆ. ಟೋಪಿ ಹಾಕಿದ ಮುದುಕರೊಬ್ಬರು ಹಿಟ್ಟಿನ ಮುದ್ದೆಯನ್ನು ಕೈಯಲ್ಲಿ ಹಿಡಿದು ಎಳೆದು, ಮಡಚಿ, ಮತ್ತೆ ಎಳೆದು ನೋಡನೋಡುತ್ತಿದ್ದಂತೆ ನೂರಾರು ಎಳೆ ಮಾಡುತ್ತಾರೆ. ಅದರ ಮೇಲೆ ಬಾತಿನ ತುಂಡು, ಬಿಸಿ ಸಾರು, ಈರುಳ್ಳಿ ಸೊಪ್ಪು. "ಆರ್ಡರ್ ಕೊಟ್ಟ ಹತ್ತು ನಿಮಿಷಕ್ಕೆ ಟೇಬಲ್ಲಿಗೆ ಬರುತ್ತೆ" ಎಂದು ಅವನು ತಿಂಗಳಿಡೀ ಹೇಳಿದ್ದ. ಮನೆಯಲ್ಲಾದರೆ ಮುಕ್ಕಾಲು ಗಂಟೆ ಸಾಕು ಎನ್ನುವುದು ಅವನ ಅಂದಾಜು. ಬಾತು ಅಂಗಳದಲ್ಲಿ ನಡೆದಾಡುತ್ತಿದೆ ಎನ್ನುವುದನ್ನು ಅವನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ.

ನಮ್ಮಲ್ಲಿ ಬಾತು ಇರುವುದು ತಿನ್ನುವುದಕ್ಕಲ್ಲ. ಹೂಮಳೆ ಕೈಕೊಟ್ಟರೆ ತುಂತುರು ನೀರು ಹಾಯಿಸಲೆಂದು ತೋಟದ ತಗ್ಗಿನಲ್ಲಿ ತೋಡಿಸಿದ ಚಿಕ್ಕ ಕೆರೆಯೊಂದಿದೆ. ಎರಡು ವರ್ಷದ ಹಿಂದೆ ಬಾಳೆಹೊನ್ನೂರು ಕಡೆಯ ಪರಿಚಯದವರು ಆರು ಮರಿ ಕೊಟ್ಟರು. ಬಸವನಹುಳು ತಿನ್ನುತ್ತವೆ, ಮೊಟ್ಟೆ ಇಡುತ್ತವೆ, ಇರಲಿ ಎಂದು ಬಿಟ್ಟೆವು. ಅವು ಹೆಚ್ಚಿದವು. ಮನೆಯ ಹಿರಿಯರಾದ ಉಮ್ಮನಿಗೆ ಬಾತಿನ ಮೊಟ್ಟೆಯೇನೋ ಇಷ್ಟ, ಮಾಂಸ ಎಂದರೆ ಮೂಗು ಮುರಿಯುತ್ತಾರೆ. ಕೆಸರು ವಾಸನೆಯಂತೆ. 2014ರಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಿಗೆ ಹಕ್ಕಿಜ್ವರ ಬಂದು ಸಾವಿರಗಟ್ಟಲೆ ಕೊಂದು ಸುಟ್ಟದ್ದನ್ನು ಟಿವಿಯಲ್ಲಿ ನೋಡಿದ ಮೇಲಂತೂ ಅವರ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಅದೇ ಕುಟ್ಟನಾಡಿನವರು ಬಾತಿನ ಸಾರನ್ನು ಹಬ್ಬದ ಅಡುಗೆಯೆಂದು ಮಾಡುತ್ತಾರೆ ಎಂದರೆ, "ಅವರು ನೀರಲ್ಲಿರುವವರು, ನಾವು ಗುಡ್ಡದವರು" ಎನ್ನುತ್ತಾರೆ. ಉಮ್ಮನ ಇಂಥ ವಾದಗಳಿಗೆ ನಮ್ಮಲ್ಲಿ ಯಾವತ್ತೂ ಉತ್ತರ ಇರುವುದಿಲ್ಲ.

ಬಾತುಕೋಳಿಯನ್ನು ಗೌರವದಿಂದ ಕಾಣುವವರು ನಮ್ಮ ಲೈನಿನಲ್ಲಿರುವ ಅಸ್ಸಾಮಿನ ಜೋಡಿ. ಈಗ ನಮ್ಮ ಬೆಟ್ಟಗಳಲ್ಲಿ ಕೊಯ್ಲು ನಡೆಯುವುದೇ ಅಸ್ಸಾಮಿನವರಿಂದ. ಮೂಡಿಗೆರೆಯ ಸಂತೆಯಲ್ಲಿ ನಿಂತರೆ ಕನ್ನಡ, ತುಳು, ಬ್ಯಾರಿ, ಉರ್ದು, ತಮಿಳುಗಳ ಜೊತೆ ಬಂಗಾಳಿಯೂ ಕಿವಿಗೆ ಬೀಳುತ್ತದೆ. ಇವರು ಬ್ರಹ್ಮಪುತ್ರಾ ನದಿಯ ನಡುಗಡ್ಡೆಯವರು. ನದಿ ವರ್ಷವರ್ಷವೂ ನೆಲ ತಿನ್ನುತ್ತದೆ, ಹಾಗೆ ತಿಂದ ನೆಲದ ಜೊತೆ ಅವರ ಅಪ್ಪನ ಮನೆಯೂ ಹೋಗಿದೆ. ಆ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಬಾತು. ಬೂದುಗುಂಬಳ ಹಾಕಿ ಮಾಡುವುದು ಅಸ್ಸಾಮಿನವರ ಕ್ರಮ, ಅಕ್ಕಿರೊಟ್ಟಿಯ ಜೊತೆ ಖಾರವಾಗಿ ಮಾಡುವುದು ಬಂಗಾಳಿ ಮುಸ್ಲಿಮರ ಕ್ರಮ. ಆ ಹುಡುಗ ಬಾತನ್ನು "ಹಾಂಶ್" ಎನ್ನುತ್ತಾನೆ. ಅದು ನಮ್ಮ ಹಂಸವೇ ಎಂದು ತಿಳಿಯಲು ನಮಗೆ ಸ್ವಲ್ಪ ದಿನ ಬೇಕಾಯಿತು. ಹಾಲು ನೀರನ್ನು ಬೇರೆ ಮಾಡುವ ಹಂಸವನ್ನು ಶಾಲೆಯಲ್ಲಿ ಓದಿದ್ದ ನಾವು ಅದನ್ನು ಬೂದುಗುಂಬಳದ ಜೊತೆ ಕಲ್ಪಿಸಿಕೊಂಡಿರಲಿಲ್ಲ.

ಆ ಹುಡುಗ ತನ್ನ ಕಾಗದಪತ್ರಗಳನ್ನು ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಹಾಸಿಗೆಯ ಕೆಳಗಲ್ಲ, ಒಲೆಯಿಂದ ದೂರ ಗೋಡೆಯ ಮೊಳೆಗೆ ನೇತುಹಾಕಿದ್ದಾನೆ. ಬೆಂಕಿ ಬಿದ್ದರೆ ಮೊದಲು ಕೈಗೆ ಸಿಗಬೇಕಂತೆ. 2019ರ ಆಗಸ್ಟ್ 31ರಂದು ಅಸ್ಸಾಮಿನಲ್ಲಿ ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರಲ್ಲ, ಆ ಪಟ್ಟಿಯಲ್ಲಿ ಇವನ ಹೆಸರಿದೆ, ಇವನ ತಾಯಿಯ ಹೆಸರಿಲ್ಲ. ತಾಯಿ ಇಲ್ಲದೆ ಮಗ ಹುಟ್ಟಿದ್ದು ಹೇಗೆ ಎಂದು ಅವನನ್ನು ಕೇಳುವ ಧೈರ್ಯ ನಮಗಿಲ್ಲ. ಸಂತೆಗೆ ಹೋಗುವಾಗಲೂ ಆ ಕವರು ಅವನ ಅಂಗಿಯೊಳಗಿರುತ್ತದೆ.

ಬಾತು ಮಾಡುತ್ತೇವೆ ಎಂದು ಮಗ ಲೈನಿಗೆ ಹೋಗಿ ಹೇಳಿದ್ದೇ ತಡ, ಗಂಡಹೆಂಡತಿ ಇಬ್ಬರೂ ಬಂದುಬಿಟ್ಟರು. ಬಾಲದ ಮೇಲೆ ಗುಂಗುರು ಗರಿ ಇರುವುದು ಗಂಡು, ಗಟ್ಟಿಯಾಗಿ ಕೂಗುವುದು ಹೆಣ್ಣು. ಕೂಗುವುದನ್ನು ಮೊಟ್ಟೆಗೆ ಬಿಟ್ಟು ಗುಂಗುರಿನವನ್ನು ಹಿಡಿಯಬೇಕು ಎಂದು ಅವಳೇ ಟಾರ್ಚು ಹಿಡಿದು ಗೂಡಿನಿಂದ ಎರಡನ್ನು ಆರಿಸಿದಳು. ಮಗ ಬಿಸ್ಮಿ ಹೇಳಿ ಕೊಯ್ದ. ಕೋಳಿ ಕೊಯ್ದು ಅಭ್ಯಾಸವಿದ್ದವರಿಗೆ ಬಾತು ಕೊಯ್ಯುವುದು ಕಷ್ಟವಲ್ಲ, ಕಷ್ಟ ಇರುವುದು ಗರಿಯಲ್ಲಿ. ನೀರಿನಲ್ಲಿರುವ ಹಕ್ಕಿ ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಮೈಗೆಲ್ಲ ಸವರಿಕೊಂಡಿರುತ್ತದೆ. ಬಿಸಿನೀರಲ್ಲಿ ಅದ್ದಿದರೂ ನೀರು ಒಳಗೆ ಇಳಿಯುವುದಿಲ್ಲ. ಅವಳು ಬಿಸಿನೀರಿನಲ್ಲಿ ಗರಿಯನ್ನು ತಲೆಕೆಳಗಾಗಿ ಉಜ್ಜಿ ಉಜ್ಜಿ ಅದ್ದಿದಳು. ತೆಗೆದು ಗೋಣಿಯಲ್ಲಿ ಸುತ್ತಿ ಐದು ನಿಮಿಷ ಹಬೆಗೆ ಬಿಟ್ಟಳು. ದೊಡ್ಡ ಗರಿ ಕಿತ್ತ ಮೇಲೆ ಒಳಗಿನ ಸಣ್ಣ ತುಪ್ಪುಳವನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟಳು. ಬಾಲದ ಆ ಎಣ್ಣೆಯ ಗಂಟನ್ನು ಕತ್ತರಿಸಿ ಎಸೆದು, "ವಾಸನೆ ಇದರದ್ದು, ಹಕ್ಕಿಯದ್ದಲ್ಲ" ಎಂದು ತನ್ನ ಹರಕು ಹಿಂದಿಯಲ್ಲಿ ಉಮ್ಮನಿಗೆ ಕೇಳುವಂತೆ ಹೇಳಿದಳು. ಉಮ್ಮ ತಸ್ಬೀಹ್ ಎಣಿಸುತ್ತ ಕೇಳಿಸದವರಂತೆ ಕುಳಿತಿದ್ದರು.

ಇಷ್ಟಾಗುವಾಗ ಏಳೂವರೆ. ಮಗನ ಮುಕ್ಕಾಲು ಗಂಟೆ ಮುಗಿದಿತ್ತು.

ಈಗ ನೂಡಲ್ಸ್. ಹತ್ತಿರದ ಅಂಗಡಿಯಲ್ಲಿ ಸಿಗುವುದು ಎರಡು ನಿಮಿಷದ ಪ್ಯಾಕೆಟ್ಟು ಮಾತ್ರ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಪ್ರವಾಸಿಗಳಿಗೆ ಕಾಫಿಗಿಂತ ಹೆಚ್ಚು ಬಿಕರಿಯಾಗುವುದು ಬಹುಶಃ ಅದೇ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರೆಂದು ಹೇಳುವ ಬೆಟ್ಟದಲ್ಲಿ ಜನ ಮಂಜಿನಲ್ಲಿ ನಿಂತು ಮ್ಯಾಗಿ ತಿನ್ನುತ್ತಾರೆ, ನಮಗೇನೂ ತಕರಾರಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಗರಿ ಕಿತ್ತ ಹಕ್ಕಿಗೆ ಅದು ಸಲ್ಲ ಎಂದು ಮಗನೇ ಒಪ್ಪಿದ. ಮೈದಾ ಕಲಸಿ ಆ ಮುದುಕರಂತೆ ಎಳೆಯಲು ಹೋಗಿ ಎರಡು ಸಲ ಹರಿದುಕೊಂಡ. ನಾವು ನಕ್ಕೆವು. ಆಗ ಉಮ್ಮ ತಸ್ಬೀಹ್ ಕೆಳಗಿಟ್ಟು ಹೇಳಿದರು: "ನೀರುದೋಸೆಗೆ ಅಕ್ಕಿ ನೆನೆಹಾಕಿದ್ದೀರಲ್ಲ. ಶ್ಯಾವಿಗೆ ಒತ್ತಿ."

ಇದು ನಮಗೆ ಹೊಳೆಯದೆ ಹೋದದ್ದಕ್ಕೆ ಕಾರಣ ಇದೆ, ಅದಕ್ಕೆ ಮುಂದೆ ಬರುತ್ತೇವೆ. ಮಾತು ಮಾತ್ರ ನೂರಕ್ಕೆ ನೂರು ಸರಿ. ಅಕ್ಕಿ ಹಿಟ್ಟನ್ನು ಒತ್ತಿ ಎಳೆ ಮಾಡುವುದು ನಮ್ಮ ಘಟ್ಟದ ಗುಟ್ಟೇನಲ್ಲ. ಕೊಡಗಿನಲ್ಲಿ ಅದು ನೂಪುಟ್ಟು, ಕೇರಳದಲ್ಲಿ ಇಡಿಯಪ್ಪ, ಶ್ರೀಲಂಕಾದಲ್ಲಿ ಇಂದಿಆಪ್ಪ, ಮಲೇಶ್ಯಾದಲ್ಲಿ ಪುಟು ಮಾಯಂ. ಥಾಯ್ಲೆಂಡಿನಲ್ಲೂ ಚೀನಾದ ಯುನ್ನಾನಿನಲ್ಲೂ ಅಕ್ಕಿ ಶ್ಯಾವಿಗೆಯನ್ನು ಒರಳಿನಲ್ಲಿ ಒತ್ತುತ್ತಾರೆ. 15ನೇ ಶತಮಾನದ ಆರಂಭದಲ್ಲಿ ಚೀನಾದ ದೊಡ್ಡ ಹಡಗುಪಡೆಯನ್ನು ಕಲ್ಲಿಕೋಟೆಗೆ ತಂದ ಝೆಂಗ್ ಹೆ ಹುಟ್ಟಿದ್ದು ಅದೇ ಯುನ್ನಾನಿನ ಮುಸ್ಲಿಂ ಮನೆಯಲ್ಲಿ. ಅವನ ದುಭಾಷಿಯಾಗಿ ಬಂದು ಮಲಬಾರಿನ ಬಗ್ಗೆ ಬರೆದಿಟ್ಟ ಮಾ ಹುವಾನನೂ ಮುಸ್ಲಿಮನೇ. ಅದಕ್ಕಿಂತ ಹಿಂದೆ 14ನೇ ಶತಮಾನದಲ್ಲಿ ಮಂಗಳೂರಿನಲ್ಲಿಳಿದ ಇಬ್ನ್ ಬತೂತ ಕಲ್ಲಿಕೋಟೆಯ ಬಂದರಿನಲ್ಲಿ ಚೀನಾದ ಹಡಗುಗಳನ್ನು ಕಂಡಿದ್ದ. ಆ ನಾವಿಕರು ಕರಾವಳಿಯಲ್ಲಿ ಏನು ಉಂಡರೋ, ನಮ್ಮವರು ಅವರಿಂದ ಏನು ಕಲಿತರೋ, ಯಾರು ಯಾರಿಗೆ ಕಲಿಸಿದರೋ. ಚೀನಾದ ಲಾಜಿಯಾ ಎಂಬಲ್ಲಿ ಮಗುಚಿಬಿದ್ದ ಮಣ್ಣಿನ ಬಟ್ಟಲಿನ ಕೆಳಗೆ ನಾಲ್ಕು ಸಾವಿರ ವರ್ಷ ಹಳೆಯ ಶ್ಯಾವಿಗೆ ಸಿಕ್ಕಿತೆಂದು 2005ರಲ್ಲಿ ಸುದ್ದಿಯಾಗಿತ್ತು. ಯಾರೋ ಉಣ್ಣಲು ಕುಳಿತವರು ಅರ್ಧಕ್ಕೆ ಎದ್ದು ಹೋಗಿರಬೇಕು.

ಇನ್ನು ಆ ಕಾರಣ. ಶ್ಯಾವಿಗೆ ಒರಳು ನಮ್ಮಲ್ಲಿಲ್ಲ. ಅದು ಇರುವುದು ಪಕ್ಕದ ತೋಟದ ಗೌಡರ ಮನೆಯಲ್ಲಿ.

ನಮ್ಮ ಅಜ್ಜ ಎತ್ತಿನ ಮೇಲೆ ಉಪ್ಪು, ಒಣಮೀನು ಹೇರಿಕೊಂಡು ಚಾರ್ಮಾಡಿ ಹತ್ತಿ ಬಂದವರು. ಮೇಲೆ ಏಲಕ್ಕಿ, ಮೆಣಸು ಕೊಂಡು ಕೆಳಗೆ ಇಳಿಯುತ್ತಿದ್ದರು. ಹತ್ತಿ ಇಳಿದು ಸಾಕಾಗಿ ಒಂದು ವರ್ಷ ಇಲ್ಲೇ ಉಳಿದರು. ಅವರಿಗೆ ಮೊದಲು ಜಗಲಿ ಕೊಟ್ಟದ್ದು, ಆಮೇಲೆ ನಾಲ್ಕು ಎಕರೆ ಕಾಡುಜಾಗ ತೋರಿಸಿದ್ದು ಈ ಗೌಡರ ಹಿರಿಯರು. ಅಂದಿನಿಂದ ಎರಡು ಮನೆಗಳ ನಡುವೆ ವಸ್ತುಗಳು ಓಡಾಡಿಕೊಂಡೇ ಇದ್ದವು. ನಮ್ಮ ದೊಡ್ಡ ಬಿರಿಯಾನಿ ಚೆಂಬು ಅವರ ಮನೆಯ ಗೃಹಪ್ರವೇಶಕ್ಕೆ ಹೋಗುತ್ತಿತ್ತು, ಅವರ ಶ್ಯಾವಿಗೆ ಒರಳು ನಮ್ಮ ಈದಿಗೆ ಬರುತ್ತಿತ್ತು. ಹಲಸಿನ ಮರದ ಒರಳು, ಮೇಲಿನ ಸನ್ನೆಯ ಮೇಲೆ ಒಬ್ಬರು ಭಾರ ಬಿಟ್ಟು ಕೂರಬೇಕು. ಗೌಡರ ಮನೆಯಲ್ಲಿ ಹಂದಿಯ ಅಡುಗೆ ಉಂಟು. ಅದಕ್ಕೆ ಪಾತ್ರೆ ಬೇರೆ, ಕತ್ತಿ ಬೇರೆ. ಒರಳನ್ನು ಮಾತ್ರ ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. "ಬ್ಯಾರಿಗಳ ಮನೆಗೆ ಹೋಗಿ ಬರುವ ವಸ್ತು" ಎಂದು ಅಲ್ಲಿಯ ಅಮ್ಮ ಅದನ್ನು ಅಟ್ಟದ ಮೇಲೆ ಬಟ್ಟೆ ಸುತ್ತಿ ಇಡುತ್ತಿದ್ದರು. ನಾವು ಹೇಳಿದ್ದಲ್ಲ, ಕೇಳಿದ್ದೂ ಅಲ್ಲ.

ಹಾಗೆಯೇ ಅವರ ಹಬ್ಬಕ್ಕೆ, ನೆಂಟರು ಬಂದಾಗ, ಕೋಳಿ ಕೊಯ್ಯಲು ನಮ್ಮ ತಂದೆ ಹೋಗುತ್ತಿದ್ದರು. ಅವರು ತೀರಿದ ಮೇಲೆ ನಾವು. ಯಾರೂ ಕರೆಯುತ್ತಿರಲಿಲ್ಲ, ಹಬ್ಬದ ಬೆಳಿಗ್ಗೆ ಹೋಗಿ ಕೊಯ್ದು, ಕಾಫಿ ಕುಡಿದು ಬರುವುದು, ಅಷ್ಟೆ. ಹೀಗೆ ಕೊಯ್ದದ್ದಾದರೆ ಬ್ಯಾರಿ ಮನೆಗೂ ಒಂದು ಪಾತ್ರೆ ಸಾರು ಕಳಿಸಬಹುದಲ್ಲ ಎಂಬುದಷ್ಟೇ ಅದರ ಹಿಂದಿನ ಶಾಸ್ತ್ರ.

2022ರ ಮಾರ್ಚ್ ಕೊನೆಯಲ್ಲಿ, ಯುಗಾದಿಯ ಮರುದಿನದ ಹೊಸತೊಡಕಿಗೆ ಮೊದಲು, ಹಲಾಲ್ ಮಾಂಸ ಕೊಳ್ಳಬಾರದೆಂಬ ಕೂಗು ರಾಜ್ಯದಲ್ಲೆಲ್ಲ ಎದ್ದದ್ದು ಓದುಗರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಎದ್ದ ಕೂಗು ನಮ್ಮ ಗುಡ್ಡಕ್ಕೆ ಮೊಬೈಲಿನಲ್ಲಿ ಬಂತು. ಗೌಡರ ಮೊಮ್ಮಗ, ನಮ್ಮ ಮಗನ ಜೊತೆ ಮೂಡಿಗೆರೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು, ಅಂಥದೊಂದು ಸಂದೇಶವನ್ನು ಊರಿನ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ನಾವೂ ಇದ್ದೆವು. ಬಹುಶಃ ಅದು ಅವನಿಗೆ ನೆನಪಿರಲಿಲ್ಲ. ಇತ್ತೋ ಏನೋ.

ಆ ಸಲ ನಾವು ಕೋಳಿ ಕೊಯ್ಯಲು ಹೋಗಲಿಲ್ಲ. ಅವರೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಜಗಳ ಆಗಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಳೆಯ ಮಾತು, ಮೆಣಸಿನ ದರದ ಮಾತು ಎಂದಿನಂತೆ ನಡೆಯುತ್ತಿತ್ತು. ಆ ವರ್ಷದ ಈದಿಗೆ ಒರಳು ತರಲು ಯಾರೂ ಹೋಗಲಿಲ್ಲ. ಮೂಡಿಗೆರೆಯಿಂದ ತಿರುಗಿಸುವ ಸ್ಟೀಲಿನ ಸಣ್ಣ ಒರಳೊಂದು ತಂದೆವು. ಎರಡನೇ ಸಲಕ್ಕೇ ಅದರ ಹಿಡಿ ಕಿತ್ತುಬಂತು, ಆಮೇಲೆ ನಮ್ಮ ಮನೆಯಲ್ಲಿ ಶ್ಯಾವಿಗೆಯೇ ನಿಂತಿತು. ಈದಿನ ಬಿರಿಯಾನಿ ಕಳಿಸುವುದನ್ನೂ ನಾವೇ ನಿಲ್ಲಿಸಿದೆವು. ಕಳಿಸಿ ಅದು ವಾಪಸು ಬಂದರೆ ಎಂಬ ಹೆದರಿಕೆ ಎಂದು ನಮಗೆ ನಾವೇ ಹೇಳಿಕೊಂಡೆವು. ಹೆದರಿಕೆಯೇ ಆಗಿತ್ತೆ? ಅವರು ನಮ್ಮನ್ನು ಬೇಡ ಎನ್ನುವ ಮೊದಲು ನಾವೇ ಬೇಡ ಎಂದುಬಿಡುವ ಸೊಕ್ಕೂ ಅದರಲ್ಲಿ ಸ್ವಲ್ಪ ಇತ್ತು. ಎರಡು ಮನೆಯ ನಡುವಿನ ಕಾಲುದಾರಿಗೆ ಲಂಟಾನ ಬೆಳೆಯಿತು.

ಇದನ್ನೆಲ್ಲ ತಿಳಿದೂ ಉಮ್ಮ ಆ ರಾತ್ರಿ "ಒರಳು ತರ್ತೇನೆ" ಎಂದು ಎದ್ದರು. ಎಪ್ಪತ್ತೆಂಟು ವರ್ಷ. ಮಂಡಿನೋವು. ನಾವು ತಡೆದೆವು, ಮಗ ತಡೆದ. ಅಕ್ಕಿರೊಟ್ಟಿ ಸಾಕು ಎಂದು ಅಸ್ಸಾಮಿನ ಹುಡುಗಿಯೂ ಸನ್ನೆ ಮಾಡಿದಳು. "ಅವಳೂ ನಾನೂ ಈ ಊರಿಗೆ ಮದುವೆಯಾಗಿ ಬಂದದ್ದು ಒಂದೇ ವರ್ಷ. ಒರಳು ಅವಳದು, ನಿಮ್ಮದಲ್ಲ, ಅವಳ ಮೊಮ್ಮಗನದೂ ಅಲ್ಲ" ಎಂದು ಶಾಲು ಹೊದ್ದು, ಆ ಹುಡುಗನ ಕೈಗೆ ಟಾರ್ಚು ಕೊಟ್ಟು, ಕಾಲುದಾರಿಯಲ್ಲೇ ಹೊರಟರು. ರಸ್ತೆ ಬಳಸಿ ಹೋಗಿ ಎಂದರೂ ಕೇಳಲಿಲ್ಲ. ಹುಡುಗ ಮುಂದೆ ಮುಂದೆ ಕತ್ತಿಯಲ್ಲಿ ಲಂಟಾನ ಸವರುತ್ತ ಹೋದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಹೋಗುವ ಮೊದಲು ಅವನು ಅಂಗಿಯೊಳಗೆ ಕೈ ಹಾಕಿ ಕವರು ಇದೆಯೇ ಎಂದು ಮುಟ್ಟಿ ನೋಡಿಕೊಂಡದ್ದನ್ನು ನಾವು ಕಂಡೆವು. ಗೊತ್ತಿಲ್ಲದ ಮನೆಗೆ ರಾತ್ರಿ ಹೊತ್ತು ಹೋಗುವುದು.

ಕೈ ಕಟ್ಟಿ ಕೂರುವುದಕ್ಕಿಂತ ಅಡುಗೆ ಮುಂದುವರಿಸುವುದು ಲೇಸೆನಿಸಿತು. ಬಾತಿನ ತೊಗಲಿನ ಕೆಳಗೆ ದಪ್ಪ ಕೊಬ್ಬು. ಅದನ್ನು ಬಿಡಿಸಿ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿದರೆ ಬೇರೆ ಎಣ್ಣೆಯೇ ಬೇಡ. ಅದಕ್ಕೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ತೋಟದ್ದೇ ಕಾಳುಮೆಣಸು, ಒಂದು ಚಕ್ರಮೊಗ್ಗು, ಚಕ್ಕೆ. ಮಾಂಸ ಹಾಕಿ ಕೆಂಪಾಗುವವರೆಗೆ ಹೊರಳಿಸಿದೆವು. ಚೀನಾದವರು ಇದಕ್ಕೆ ಅಕ್ಕಿಯ ಮದ್ಯ ಹಾಕುತ್ತಾರೆ. ಮಗನ ಖಾನಾವಳಿಯಲ್ಲಿ ಅದಿಲ್ಲ. ಸೋಯಾ ಸಾಸ್ ಬೇಕೇ ಬೇಕು ಎಂದ. ಅದಕ್ಕೆ ಮೂಡಿಗೆರೆಗೆ ಹೋಗಬೇಕು, ಅಂಗಡಿ ಬಾಗಿಲು ಹಾಕುವ ಹೊತ್ತು. ಕಪ್ಪಗಿರಬೇಕು, ಉಪ್ಪುಪ್ಪಾಗಿ ಸ್ವಲ್ಪ ಸಿಹಿಯಾಗಿರಬೇಕು, ಇಷ್ಟೇ ತಾನೆ? ಅಟ್ಟದಲ್ಲಿ ಉಪ್ಪಾಗೆ ಹುಳಿಯ ಬಾಟ್ಲಿ ಇತ್ತು. ಮಳೆಗಾಲದಲ್ಲಿ ಕಾಡಿನ ಉಪ್ಪಾಗೆ ಹಣ್ಣು ತಂದು ರಸ ಬತ್ತಿಸಿಟ್ಟರೆ ಟಾರಿನಂತೆ ಕಪ್ಪಗಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅದು ಎರಡು ಚಮಚ, ಜೋನಿ ಬೆಲ್ಲ ಒಂದು ಚಮಚ, ಉಪ್ಪು ಮುಂದಾಗಿ. ತೋಟದ ಅಂಚಿನಲ್ಲಿ ಕಿತ್ತಳೆ ಹಣ್ಣಾಗಿತ್ತು; ಒಂದರ ಸಿಪ್ಪೆಯನ್ನು ಬಿಳಿ ಭಾಗ ತೆಗೆದು ಸೀಳಿ ಹಾಕಿ, ರಸವನ್ನೂ ಹಿಂಡಿ, ನೀರು ಧಾರಾಳ ಹೊಯ್ದು ಕುಕ್ಕರ್ ಮುಚ್ಚಿದೆವು. ಅಂಗಡಿಯ ಕೋಳಿಯಾದರೆ ಎರಡು ಕೂಗು ಸಾಕು. ಕೆರೆಯಲ್ಲಿ ಈಜಿ ಗಟ್ಟಿಯಾದ ಈ ಮೈಗೆ ಏಳು ಬೇಕಾಯಿತು. ಮೂರನೆಯ ಕೂಗಿಗೆ ಮಗ ಬಂದು ಮೂಗು ಎಳೆದು, "ಅದೇ ವಾಸನೆ" ಎಂದ. ಸುಳ್ಳೋ ನಿಜವೋ.

ಇನ್ನೊಂದು ಒಲೆಯಲ್ಲಿ ಅಕ್ಕಿ. ನೀರುದೋಸೆಯ ಅಕ್ಕಿಯನ್ನು ನೀರು ಕಡಿಮೆ ಹಾಕಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಬಾಣಲೆಯಲ್ಲಿ ಮಗುಚುತ್ತ ಮುದ್ದೆ ಕಟ್ಟಿ, ಉಂಡೆ ಮಾಡಿ ಹಬೆಗೆ ಇಟ್ಟೆವು. ಉಂಡೆ ಬೆಂದ ಮೇಲೆ ಕಾಯುವ ಹಾಗಿಲ್ಲ. ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಒರಳು ಬಾರದಿದ್ದರೆ ಅದನ್ನೇ ಕಡುಬೆಂದು ತಿನ್ನುವುದು ಎಂದು ನಾವು ಪಿಸುಮಾತಿನಲ್ಲಿ ತೀರ್ಮಾನಿಸಿಕೊಂಡೆವು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಟಾರ್ಚಿನ ಬೆಳಕು ಕಂಡಿತು. ಮುಂದೆ ಹುಡುಗ, ತಲೆಯ ಮೇಲೆ ಬಟ್ಟೆ ಸುತ್ತಿದ ಒರಳು. ಹಿಂದೆ ಒಬ್ಬರಲ್ಲ, ಇಬ್ಬರು. ಗೌಡರ ಮನೆಯ ಅಮ್ಮ ಉಮ್ಮನ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಅಥವಾ ಉಮ್ಮ ಅವರನ್ನು.

"ಈ ಒರಳು ನಿಮ್ಮ ಕೈಗೆ ಕೊಟ್ಟರೆ ಮುರಿದು ಹಾಕ್ತೀರಿ ಅಂತ ನಾನೇ ಬಂದೆ ಮಾರಾಯ್ರೆ" ಎಂದರು ಒಳಗೆ ಬರುತ್ತಲೇ. ಉಂಡೆಯನ್ನು ಒತ್ತಿ ನೋಡಿ, "ಇನ್ನೆರಡು ನಿಮಿಷ" ಎಂದರು. ಎಂಥ ಅಕ್ಕಿ, ಎಷ್ಟು ಹೊತ್ತು ನೆಂದಿತು ಎಂದು ವಿಚಾರಣೆ ನಡೆಸಿದರು. ಆಮೇಲೆ ಕೆಲಸ. ನಮ್ಮಲ್ಲಿ ಒಬ್ಬರು ಸನ್ನೆಯ ಮೇಲೆ ಕುಳಿತೆವು, ಇನ್ನೊಬ್ಬರು ಹಬೆಯಿಂದ ಉಂಡೆ ತೆಗೆದು ಕೊಟ್ಟೆವು, ಅಮ್ಮ ಕೆಳಗೆ ಬಾಳೆಲೆ ಹಿಡಿದು ಎಳೆಗಳನ್ನು ಸುರುಳಿ ಸುತ್ತಿ ಇಳಿಸಿಕೊಂಡರು. ಅಸ್ಸಾಮಿನ ಹುಡುಗಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಿ ನೋಡಿ, ನಾಲ್ಕನೆಯ ಉಂಡೆಗೆ ಎಲೆಯನ್ನು ತಾನೇ ತೆಗೆದುಕೊಂಡಳು. ಅಮ್ಮ ಬೈಯಲಿಲ್ಲ. ಅವರು ಬೈಯದಿದ್ದರೆ ಮೆಚ್ಚಿದರು ಎಂದೇ ಅರ್ಥ.

ಮಗ ಮಾತ್ರ ಒಂದು ಹಿಡಿ ಶ್ಯಾವಿಗೆಯನ್ನು ಬಾಣಲೆಯ ಕೊಬ್ಬಿಗೆ ಹಾಕಿ, ದುಬೈಯಲ್ಲಿ ಕಂಡಂತೆ ಎತ್ತಿ ಎತ್ತಿ ಹುರಿಯಲು ಹೋದ. ಒತ್ತು ಶ್ಯಾವಿಗೆ ಹುರಿಯುವ ವಸ್ತುವಲ್ಲ. ಪುಡಿಪುಡಿಯಾಗಿ ಉಪ್ಪಿಟ್ಟಾಯಿತು. ಆ ಹೊತ್ತಿಗೆ ಅಮ್ಮ ನಕ್ಕ ನಗು ಹೊರಗೆ ಕಣದವರೆಗೆ ಕೇಳಿರಬೇಕು. ಕೊನೆಗೆ ಬಟ್ಟಲಿಗೆ ಶ್ಯಾವಿಗೆ ಹಾಕಿ, ಮೇಲೆ ಮೂಳೆಯಿಂದ ಬಿಡಿಸಿದ ಮಾಂಸವಿಟ್ಟು, ಕುಕ್ಕರಿನ ಸಾರು ಹೊಯ್ದು, ಈರುಳ್ಳಿ ಸೊಪ್ಪು, ಜಜ್ಜಿದ ಸೂಜಿಮೆಣಸು ಉದುರಿಸಿದೆವು. ಉಮ್ಮನಿಗೆ ಕಾಯಿಹಾಲು, ಬೆಲ್ಲ ಬೇರೆ ಇಟ್ಟೆವು.

ಅಮ್ಮನಿಗೆ ಏನು ಬಡಿಸುವುದು ಎಂದು ನಾವು ಅನುಮಾನಿಸುತ್ತಿದ್ದೆವು. ಕಾಯಿಹಾಲಿನ ಪಾತ್ರೆಯನ್ನೇ ಅವರ ಮುಂದೆ ಸರಿಸಿದೆವು. ಅದು ಸುಲಭ, ಯಾರಿಗೂ ಮುಜುಗರವಿಲ್ಲ. ಅವರು ಅದನ್ನು ನೋಡಿ, ಬಾತಿನ ಪಾತ್ರೆಯ ಕಡೆ ಗಲ್ಲ ಎತ್ತಿ, "ಕೊಯ್ದದ್ದು ಯಾರು?" ಎಂದರು.

"ಇವನೇ" ಎಂದೆವು.

"ಬಿಸ್ಮಿ ಹೇಳಿದನಾ?"

ಅಡುಗೆಮನೆ ಒಂದು ಗಳಿಗೆ ಸುಮ್ಮನಾಯಿತು. ಮಗ ತಲೆಯಾಡಿಸಿದ.

"ಸರಿ. ಇಲ್ಲದಿದ್ದರೆ ನಿನ್ನ ಅಜ್ಜಿ ತಿನ್ನೋದಿಲ್ಲ, ಇಷ್ಟೂ ನಾನೊಬ್ಬಳೇ ತಿನ್ನಬೇಕಾಗ್ತದೆ. ಹಾಕು."

ಉಣ್ಣುತ್ತ ಅವರು ಯಾರನ್ನೂ ನೋಡದೆ ಹೇಳಿದರು, ಆ ಹೊಸತೊಡಕಿಗೆ ಮನೆಯಲ್ಲಿ ಕೋಳಿ ಮಾಡಲೇ ಇಲ್ಲವಂತೆ. ಹುಡುಗ ಮೂಡಿಗೆರೆಯಿಂದ ಎಂಥದೋ ಕಟ್ಟಿಸಿಕೊಂಡು ಬಂದನಂತೆ. ಗೌಡರು ಹತ್ತು ಗಂಟೆಯವರೆಗೆ ಜಗಲಿಯಲ್ಲಿ ಕುಳಿತು ದಾರಿ ನೋಡಿ, ಆಮೇಲೆ ಕೋಳಿಯ ಕಾಲಿನ ಹಗ್ಗ ಬಿಚ್ಚಿ ಬಿಟ್ಟರಂತೆ. "ನೀವು ಬರ್ತೀರಿ ಅಂತ ಅವರು, ಕರೀತಾರೆ ಅಂತ ನೀವು" ಎಂದು ಅಲ್ಲಿಗೆ ನಿಲ್ಲಿಸಿ ಇನ್ನೊಂದು ಹಿಡಿ ಶ್ಯಾವಿಗೆ ಹಾಕಿಸಿಕೊಂಡರು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಿದ್ದರೆ ಆ ಸಂದೇಶದ ವಿಷಯ ಬರುತ್ತಿತ್ತು. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ ಇವತ್ತಿಗೂ ನಮಗೆ ತಿಳಿಯದು. ಉಮ್ಮ ಮಾತ್ರ ಕಾಯಿಹಾಲು ಬದಿಗಿಟ್ಟು, ಬಾತಿನ ಒಂದು ರೆಕ್ಕೆ ತನಗೂ ಹಾಕಲು ಹೇಳಿದರು. ಚೀಪಿ ಮುಗಿಸಿದ ಮೇಲೆ, ವಾಸನೆ ಇದೆ, ಆದರೆ ಕೆಸರಿನದ್ದಲ್ಲ, ಕಿತ್ತಳೆಯದ್ದು ಎಂದು ತೀರ್ಪು ಕೊಟ್ಟರು. ಅಸ್ಸಾಮಿನ ಜೋಡಿ ಬೂದುಗುಂಬಳ ಹಾಕದ್ದಕ್ಕೆ ಒಳಗೊಳಗೇ ಬೇಸರಪಟ್ಟಂತಿತ್ತು. ಬಟ್ಟಲು ಮಾತ್ರ ಮೂರು ಸಲ ಖಾಲಿಯಾಯಿತು.

ಹತ್ತೂಕಾಲಿಗೆ ಹೊರಗೆ ಬೈಕಿನ ಸದ್ದು. ಅಮ್ಮನನ್ನು ಕರೆದೊಯ್ಯಲು ಮೊಮ್ಮಗ ಬಂದಿದ್ದ. ಇಂಜಿನ್ ಆರಿಸಲಿಲ್ಲ, ಒಳಗೂ ಬರಲಿಲ್ಲ. ಹೆಡ್‌ಲೈಟು ಟಾರ್ಪಾಲಿನ ಮೇಲೆ ಬಿದ್ದಿತ್ತು. ನಮ್ಮ ಮಗ ಕೈ ಒರೆಸಿಕೊಳ್ಳುತ್ತ ಹೊರಗೆ ಹೋದ. ಕಿಟಕಿಯಿಂದ ನಾವು ನೋಡುತ್ತಿದ್ದೆವು, ಬೈಕಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಇಬ್ಬರೂ ಟಾರ್ಪಾಲಿನ ಕಡೆ ನೋಡುತ್ತ ಏನೋ 

ಹೇಳಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವನು ಇಂಜಿನ್ ಆರಿಸಿದ. ಆದರೂ ಇಳಿಯಲಿಲ್ಲ. "ನಾಳೆ ಎಷ್ಟು ಗಂಟೆ ಬಸ್ಸು?" ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅಮ್ಮ ಸ್ಟೀಲಿನ ಡಬ್ಬಿಯೊಂದನ್ನು ತಾನೇ ಕಪಾಟಿನಿಂದ ತೆಗೆದು, ಗೌಡರಿಗೆಂದು ಶ್ಯಾವಿಗೆ ಹಾಕಿ, ಮೇಲೆ ಬಾತಿನ ಸಾರು ಹೊಯ್ದು ಮುಚ್ಚಿದರು. ಮೊಮ್ಮಗ ಅದನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡ. ಒಳಗೇನಿದೆ ಎಂದು ಕೇಳಲಿಲ್ಲ, ಕೇಳಬೇಕಾಗಿರಲೂ ಇಲ್ಲ, ಅಂಗಳದ ತುಂಬ ಅದೇ ಘಮ. ಒರಳನ್ನು ತೊಳೆದು ಕೊಡುತ್ತೇವೆ ಎಂದರೆ ಅಮ್ಮ, "ಬೈಕಿನಲ್ಲಿ ಅದನ್ನೆಲ್ಲಿ ಹೊರೋದು, ಇರಲಿ" ಎಂದರು.

ಮಗ ಹೋಗಿ ಐದು ವಾರವಾಯಿತು. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂತು. ಒರಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅದೇ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ. ಡಬ್ಬಿ ಇನ್ನೂ ಬಂದಿಲ್ಲ. ಉಮ್ಮ ದಿನಕ್ಕೊಮ್ಮೆ ಅದನ್ನು ನೆನಪಿಸುತ್ತಾರೆ, ಆದರೆ ಹೋಗಿ ತನ್ನಿ ಎನ್ನುವುದಿಲ್ಲ. ಮೊನ್ನೆ ಸಂಜೆ ಅಸ್ಸಾಮಿನ ಹುಡುಗ ಕೆಲಸ ಬಿಟ್ಟವನು ಕತ್ತಿ ಹಿಡಿದು ಕಾಲುದಾರಿಯ ಉಳಿದ ಲಂಟಾನ ಸವರುತ್ತಿದ್ದ. ಯಾರು ಹೇಳಿದರು ಎಂದು ಕೇಳಿದೆವು. ಆ ಕಡೆಯಿಂದ ಇನ್ನೊಬ್ಬರು ಸವರಿಕೊಂಡು ಬರುತ್ತಿದ್ದಾರೆ ಎಂದು ಕೈ ತೋರಿಸಿದ.